ಕಾರ್ನಿಯಾ ಹುಣ್ಣಿಗೆ ಆ್ಯಂಟಿಬಯೊಟಿಕ್ ಜೊತೆ ಸ್ಟೆರಾಯ್ಡ್: ಮೊದಲ ದಿನದಿಂದ ಕಲೆ ಮಾಗುವವರೆಗೆ

ಬ್ಯಾಕ್ಟೀರಿಯಾ ಸೋಂಕಿನಿಂದ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಹುಣ್ಣಾದಾಗ ಸರಿಯಾದ ಆ್ಯಂಟಿಬಯೊಟಿಕ್ ಹನಿ ಗಂಟೆಗಂಟೆಗೂ ಬೀಳುತ್ತಿದ್ದರೆ ಎರಡು ಮೂರು ದಿನಗಳಲ್ಲಿ ರೋಗಾಣುಗಳ ಬಹುಪಾಲು ಸತ್ತಿರುತ್ತದೆ. ಆದರೂ ಎಷ್ಟೋ ಜನರಿಗೆ ದೃಷ್ಟಿ ಮರಳುವುದಿಲ್ಲ. ಹುಣ್ಣು ಮಾಯುತ್ತದೆ, ನೋವು ಹೋಗುತ್ತದೆ, ಕರಿಗುಡ್ಡೆಯ ನಟ್ಟನಡುವೆ ಬಿಳಿ ಕಲೆ ಉಳಿದುಬಿಡುತ್ತದೆ. ಆ ಕಲೆಗೆ ರೋಗಾಣುವಷ್ಟೇ ನಮ್ಮ ದೇಹದ ಉರಿಯೂತವೂ ಕಾರಣ. ಸೋಂಕಿದ ಜಾಗಕ್ಕೆ ನುಗ್ಗುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲಲು ಸುರಿಸುವ ಕಿಣ್ವಗಳು ಕಾರ್ನಿಯಾದ ಕೊಲಾಜನ್ ಎಳೆಗಳನ್ನೂ ಕರಗಿಸುತ್ತವೆ. ಕಾರ್ನಿಯಾದ ನಡುಭಾಗ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ, ಅಷ್ಟೆ. ಅದರೊಳಗಿನ ಎಳೆಗಳು ಒಂದೇ ಅಳತೆಯ ಅಂತರದಲ್ಲಿ ಸಾಲಾಗಿ ಜೋಡಿಸಿಕೊಂಡಿರುವುದರಿಂದಲೇ ಅದು ಪಾರದರ್ಶಕ. ಕರಗಿದ ಜಾಗವನ್ನು ದೇಹ ಮತ್ತೆ ತುಂಬುತ್ತದೆ, ಆದರೆ ಆ ಜೋಡಣೆ ಮೊದಲಿನಂತೆ ಬರುವುದಿಲ್ಲ.

ಉರಿಯೂತ ಇಳಿಸುವ ಔಷಧವಾದ ಸ್ಟೆರಾಯ್ಡ್ ಕೊಟ್ಟರೆ ಈ ಕರಗುವಿಕೆ ತಗ್ಗಬೇಕು, ಕಲೆ ಚಿಕ್ಕದಾಗಬೇಕು. ತರ್ಕ ಸರಿಯಾಗಿಯೇ ಇದೆ. ಆದರೆ ಅದೇ ಸ್ಟೆರಾಯ್ಡ್ ರೋಗಾಣುವಿನ ವಿರುದ್ಧದ ಕಾವಲನ್ನೂ ಸಡಿಲಿಸುತ್ತದೆ, ಕಾರ್ನಿಯಾದ ಹೊರಪದರ ಮಾಯುವುದನ್ನು ನಿಧಾನಗೊಳಿಸುತ್ತದೆ, ಕೆಲವರಲ್ಲಿ ಕಣ್ಣಿನೊತ್ತಡ ಏರಿಸುತ್ತದೆ. ಒಳಗಿರುವುದು ಶಿಲೀಂಧ್ರವಾಗಿದ್ದರೆ ಕಣ್ಣೇ ಹೋಗಬಹುದು. ಹಾಗಾಗಿ ಕಾರ್ನಿಯಾ ವಿಭಾಗದಲ್ಲಿ ನಾವು ಇಟ್ಟುಕೊಂಡಿರುವ ನಿಯಮ ಕಟ್ಟುನಿಟ್ಟು: ಹುಣ್ಣು ಕೆರೆದು ಸ್ಲೈಡ್ ನೋಡದೆ, ಆ್ಯಂಟಿಬಯೊಟಿಕ್ ಕೆಲಸ ಮಾಡುತ್ತಿರುವುದನ್ನು ಕಣ್ಣಾರೆ ಕಾಣದೆ ಸ್ಟೆರಾಯ್ಡ್ ಬಾಟಲಿ ತೆರೆಯುವಂತಿಲ್ಲ. ಆ ನಿಯಮ ಹೆಜ್ಜೆಹೆಜ್ಜೆಗೂ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಓದಿ ಮನೆಯಲ್ಲೇ ಹನಿ ಹಾಕಿಕೊಳ್ಳಲಿ ಎಂದು ಬರೆದದ್ದಲ್ಲ. ಕಣ್ಣನ್ನು ಹಿಗ್ಗಿಸಿ ನೋಡುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣ ಇಲ್ಲದ ಕಡೆ ಈ ಚಿಕಿತ್ಸೆ ಸಾಧ್ಯವೇ ಇಲ್ಲ.

ಮೊದಲ ದಿನ: ಅಳತೆ, ಕೆರೆತ, ಸ್ಲೈಡ್

ರೋಗಿ ಕುಳಿತ ಕೂಡಲೇ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಕಣ್ಣಿಗೆ ಏನಾದರೂ ಬಡಿಯಿತೇ, ಬಡಿದದ್ದು ಎಲೆ, ಕಡ್ಡಿ, ಮಣ್ಣೇ ಅಥವಾ ಲೋಹದ ಚೂರೇ? ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾರೆಯೇ, ಹಾಕಿಕೊಂಡೇ ಮಲಗುತ್ತಾರೆಯೇ, ನಲ್ಲಿ ನೀರಲ್ಲಿ ತೊಳೆಯುತ್ತಾರೆಯೇ? ಇದೇ ಕಣ್ಣು ಹಿಂದೆಯೂ ಹೀಗೆ ಕೆಂಪಾಗಿತ್ತೇ? ಇಲ್ಲಿಗೆ ಬರುವ ಮುಂಚೆ ಯಾವ ಹನಿ ಹಾಕಿದ್ದರು? ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು, ಬಾಟಲಿಯನ್ನೇ ತರಿಸಿ ಓದಬೇಕು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್ ಇವುಗಳಲ್ಲಿ ಒಂದು ಹೆಸರು ಕಂಡರೂ ಸ್ಟೆರಾಯ್ಡ್ ಆಗಲೇ ಒಳಗೆ ಹೋಗಿದೆ ಎಂದರ್ಥ. ಆ ಕಣ್ಣು ನೋಡಲು ಶಾಂತವಾಗಿ ಕಾಣುತ್ತಿದ್ದರೂ ನಂಬಬಾರದು. ಕೆಂಪು ತಗ್ಗಿರುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಿರುತ್ತದೆ.

ಮುಂದೆ ಅಳತೆ. ಸ್ಲಿಟ್ ಲ್ಯಾಂಪಿನ ಬೆಳಕಿನ ಪಟ್ಟಿಯನ್ನು ಹಿಗ್ಗಿಸಿ ಕುಗ್ಗಿಸಿ, ಬಿಳಿಯಾಗಿ ಕಾಣುವ ಸೋಂಕಿನ ಜಾಗದ ಅತಿ ಉದ್ದದ ಅಳತೆ ಮತ್ತು ಅದಕ್ಕೆ ಲಂಬವಾದ ಅಳತೆ ಎರಡನ್ನೂ ಮಿಲಿಮೀಟರಿನಲ್ಲಿ ಬರೆಯುತ್ತೇವೆ. ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ಹೊರಪದರ ಕಿತ್ತುಹೋದ ಜಾಗವನ್ನು ಅದೇ ರೀತಿ ಅಳೆಯುತ್ತೇವೆ. ಕರಿಗುಡ್ಡೆಯ ಹಿಂದೆ ತಳದಲ್ಲಿ ಕೀವು ನಿಂತಿದ್ದರೆ ಅದರ ಎತ್ತರ, ಕಾರ್ನಿಯಾ ತೆಳುವಾಗಿದ್ದರೆ ಎಷ್ಟು ಪಾಲು ಉಳಿದಿದೆ ಎಂಬ ಅಂದಾಜು, ಇವೂ ಬೇಕು. ಚಿತ್ರ ಬಿಡಿಸುವಾಗ ಸೋಂಕಿಗೆ ಹಳದಿ, ಹೊರಪದರದ ಗಾಯಕ್ಕೆ ಹಸಿರು, ಊತಕ್ಕೆ ನೀಲಿ, ಕಲೆಗೆ ಕಪ್ಪು, ರಕ್ತನಾಳಕ್ಕೆ ಕೆಂಪು. ಫೋಟೊ ಇದ್ದರೂ ಈ ಚಿತ್ರ ಬೇಕು, ಏಕೆಂದರೆ ಎರಡು ದಿನಗಳ ನಂತರ ಬೇರೊಬ್ಬ ವೈದ್ಯರು ನೋಡುವಾಗ ‘ಮೊನ್ನೆಗಿಂತ ಮೇಲೋ ಕೆಳಗೋ’ ಎಂಬುದಕ್ಕೆ ಸಂಖ್ಯೆಯೇ ಉತ್ತರ ಹೇಳಬೇಕು. ಸ್ಟೆರಾಯ್ಡ್ ಶುರುಮಾಡುವ ತೀರ್ಮಾನ ನಿಂತಿರುವುದು ಈ ಹೋಲಿಕೆಯ ಮೇಲೆ.

ಕೆರೆಯುವುದು ಕಷ್ಟದ ಕೆಲಸವಲ್ಲ, ಆದರೆ ಅವಸರಕ್ಕೆ ಬಗ್ಗುವುದಿಲ್ಲ. ಮರಗಟ್ಟಿಸಲು 0.5% ಪ್ರೊಪಾರಾಕೇನ್ ಹಾಕುತ್ತೇವೆ. ಬೇರೆ ಅರಿವಳಿಕೆ ಹನಿಗಳಿಗಿಂತ ಅದು ರೋಗಾಣುಗಳ ಬೆಳವಣಿಗೆಯನ್ನು ತಡೆಯುವುದು ಕಡಿಮೆ. ರೋಗಿಯ ಹಣೆ ಪಟ್ಟಿಗೆ ಒತ್ತಿಕೊಂಡಿರುವಂತೆ ಸಹಾಯಕರು ಹಿಂದಿನಿಂದ ತಲೆ ಹಿಡಿದಿರಬೇಕು. ಮೇಲೆ ಅಂಟಿಕೊಂಡ ಲೋಳೆ, ಸತ್ತ ಪೊರೆಯನ್ನು ಮೊದಲು ತೆಗೆದುಹಾಕಬೇಕು, ಅದರಲ್ಲಿ ಏನೂ ಸಿಗುವುದಿಲ್ಲ. ನಂತರ ಕಿಮುರಾ ಸ್ಪ್ಯಾಚುಲಾ ಅಥವಾ 15ನೇ ನಂಬರಿನ ಬ್ಲೇಡಿನಿಂದ ಹುಣ್ಣಿನ ಅಂಚನ್ನೂ ತಳವನ್ನೂ ಕೆರೆಯಬೇಕು. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿ ಸಿಗುವುದು ಮುಂದೆ ಹರಿಯುತ್ತಿರುವ ಅಂಚಿನಲ್ಲಿ. ತಳ ತೀರಾ ತೆಳುವಾಗಿದ್ದರೆ ಅಲ್ಲಿಗೆ ಬ್ಲೇಡ್ ತಾಗಿಸಬಾರದು, ಅಂಚು ಮಾತ್ರ ಸಾಕು.

ಪ್ರತಿ ಕೆರೆತಕ್ಕೂ ಹೊಸ ಬ್ಲೇಡ್, ಅಥವಾ ಸುಟ್ಟು ತಣಿಸಿದ ಸ್ಪ್ಯಾಚುಲಾ. ಒಂದು ಸ್ಲೈಡ್ ಬ್ಯಾಕ್ಟೀರಿಯಾ ಗುರುತಿಸುವ ಗ್ರಾಂ ಬಣ್ಣಕ್ಕೆ, ಇನ್ನೊಂದು ಶಿಲೀಂಧ್ರ ಹುಡುಕುವ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ. ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡಲು, ಬ್ಲಡ್ ಅಗಾರ್, ಚಾಕೊಲೇಟ್ ಅಗಾರ್, ಶಿಲೀಂಧ್ರಕ್ಕೆ ಸಬೊರೋ ಅಗಾರ್. ಲೆನ್ಸ್ ಹಾಕುವವರಾದರೆ ಅಕಾಂತಮೀಬಾ ಎಂಬ ಏಕಕೋಶ ಜೀವಿಗೆಂದು ಇ. ಕೋಲಿ ಬ್ಯಾಕ್ಟೀರಿಯಾ ಹರಡಿದ ನಾನ್‌ನ್ಯೂಟ್ರಿಯೆಂಟ್ ಅಗಾರ್ ಕೂಡ. ಅಗಾರ್ ಮೇಲೆ ಇಂಗ್ಲಿಷಿನ ‘ಸಿ’ ಆಕಾರದಲ್ಲಿ ಗೀಚುವುದು ಎಲ್ಲರ ರೂಢಿ: ಗೀಚಿದ ಗೆರೆಯ ಮೇಲೆ ಬೆಳೆದದ್ದು ಕಣ್ಣಿನದು, ಗೆರೆಯಾಚೆ ಬೆಳೆದದ್ದು ಗಾಳಿಯಿಂದ ಬಿದ್ದದ್ದು. ಕೆರೆತದಿಂದ ಇನ್ನೊಂದು ಲಾಭವೂ ಇದೆ. ಸತ್ತ ಪದರ ಹೋಗುವುದರಿಂದ ಔಷಧ ಒಳಗಿಳಿಯುತ್ತದೆ.

ಸ್ಲೈಡ್ ನೋಡುವಾಗ ಅತಿ ಹೆಚ್ಚು ಎಡವುವುದು ನೊಕಾರ್ಡಿಯಾದಲ್ಲಿ. ಅದು ಬ್ಯಾಕ್ಟೀರಿಯಾ, ಆದರೆ ಕವಲೊಡೆದ ಎಳೆಗಳಾಗಿ ಬೆಳೆಯುತ್ತದೆ. ಶಿಲೀಂಧ್ರದ ಎಳೆ ಅಗಲ, ನಡುನಡುವೆ ಅಡ್ಡಗೋಡೆ ಕಾಣುತ್ತದೆ. ನೊಕಾರ್ಡಿಯಾದ ಎಳೆ ಒಂದು ಮೈಕ್ರಾನ್‌ಗೂ ಕಡಿಮೆ, ಗ್ರಾಂ ಬಣ್ಣದಲ್ಲಿ ಬಿಟ್ಟುಬಿಟ್ಟು ಮಣಿಮಣಿಯಾಗಿ ಕಾಣುತ್ತದೆ. ಅನುಮಾನ ಬಂದರೆ 1% ಆಮ್ಲ ಬಳಸುವ ಆ್ಯಸಿಡ್ ಫಾಸ್ಟ್ ಬಣ್ಣ ಹಾಕಿಸುತ್ತೇವೆ. ಈ ತಲೆನೋವು ಏಕೆಂದರೆ, ಬ್ಯಾಕ್ಟೀರಿಯಾಗಳ ಪೈಕಿ ಸ್ಟೆರಾಯ್ಡ್ ಹಾಕಿದರೆ ಕೆಡುತ್ತದೆ ಎಂದು ಸ್ಪಷ್ಟವಾಗಿ ಕಂಡುಬಂದಿರುವುದು ಇದರಲ್ಲೇ. ಕಲ್ಚರ್‌ನಲ್ಲಿ ಇದರ ಒಣ, ಸುಣ್ಣದಂಥ ಬಿಳಿ ಗುಪ್ಪೆ ಕಾಣಲು ಹಲವು ದಿನ ಬೇಕು, ಅಷ್ಟರೊಳಗೆ ಸ್ಟೆರಾಯ್ಡ್ ತೀರ್ಮಾನದ ಗಡುವು ದಾಟಿರುತ್ತದೆ. ಹಾಗಾಗಿ ಸ್ಲೈಡಿನಲ್ಲೇ ಹಿಡಿಯಬೇಕು.

ಮೊದಲ 48 ಗಂಟೆ: ಆ್ಯಂಟಿಬಯೊಟಿಕ್ ಮಾತ್ರ

ಚಿಕ್ಕ ಹುಣ್ಣಾದರೆ 0.5% ಮಾಕ್ಸಿಫ್ಲಾಕ್ಸಸಿನ್ ಒಂದೇ ಸಾಕಾಗುತ್ತದೆ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ. ದೊಡ್ಡ ಹುಣ್ಣು, ನಡುವಿನ ಹುಣ್ಣು, ಕೀವು ನಿಂತ ಕಣ್ಣು ಇವಕ್ಕೆ ರಾತ್ರಿಯೂ ಬಿಡದೆ ಹಾಕಬೇಕು. ಇಂಥ ಕಣ್ಣಿಗೆ ಎರಡು ತೀವ್ರ ಹನಿಗಳನ್ನು ತಯಾರಿಸಿ ಕೊಡುವುದೂ ಉಂಟು: 5% ಸೆಫಜೊಲಿನ್ ಮತ್ತು ಸುಮಾರು 1.4% ಟೋಬ್ರಾಮೈಸಿನ್.

ತಯಾರಿ ಸ್ವಚ್ಛ ಕೋಣೆಯಲ್ಲಿ, ಕೈಗವಸು ಹಾಕಿ ಆಗಬೇಕು. 500 ಮಿಗ್ರಾಂ ಸೆಫಜೊಲಿನ್ ಪುಡಿಯ ವಯಲ್‌ಗೆ 2.5 ಮಿಲಿ ಸ್ಟೆರೈಲ್ ನೀರು ಹಾಕಿ ಪೂರ್ತಿ ಕರಗಿಸಿ, ಅದನ್ನು 7.5 ಮಿಲಿ ಕೃತಕ ಕಣ್ಣೀರಿಗೆ ಸೇರಿಸಿದರೆ ಪ್ರತಿ ಮಿಲಿಗೆ 50 ಮಿಗ್ರಾಂ. ಟೋಬ್ರಾಮೈಸಿನ್‌ಗೆ ಅಂಗಡಿಯಲ್ಲಿ ಸಿಗುವ 0.3% ಹನಿಯ 5 ಮಿಲಿ ಬಾಟಲಿಗೆ ಮಿಲಿಗೆ 40 ಮಿಗ್ರಾಂ ಇರುವ ಇಂಜೆಕ್ಷನ್ 2 ಮಿಲಿ ಸೇರಿಸಿದರೆ 7 ಮಿಲಿಯಲ್ಲಿ 95 ಮಿಗ್ರಾಂ, ಅಂದರೆ ಮಿಲಿಗೆ ಸುಮಾರು 13.6. ಬಾಟಲಿಯ ಮೇಲೆ ತಯಾರಿಸಿದ ದಿನಾಂಕ ಬರೆದು ಫ್ರಿಜ್ಜಿನಲ್ಲಿಡಬೇಕು. ವಾರ ತುಂಬಿದ್ದನ್ನಾಗಲಿ, ಬಣ್ಣ ಗಾಢವಾದದ್ದನ್ನಾಗಲಿ ಬಳಸಬಾರದು.

ಎರಡು ಹನಿಗಳ ನಡುವೆ ಐದು ನಿಮಿಷ ಬಿಡಬೇಕು. ಒಂದು ಹನಿಯಲ್ಲಿ ಸುಮಾರು 30ರಿಂದ 50 ಮೈಕ್ರೊಲೀಟರ್ ಇರುತ್ತದೆ, ಕಣ್ಣು ಅಷ್ಟನ್ನೂ ಹಿಡಿದುಕೊಳ್ಳಲಾರದು. ಒಂದರ ಬೆನ್ನಿಗೇ ಇನ್ನೊಂದು ಹಾಕಿದರೆ ಮೊದಲನೆಯದು ಕೆನ್ನೆಗೆ ಹರಿಯುತ್ತದೆ, ಅಷ್ಟೆ. ನೋವಿಗೂ, ಪಾಪೆ ಅಂಟಿಕೊಳ್ಳದಿರಲೂ ಹೋಮಾಟ್ರೊಪಿನ್ ಅಥವಾ ಆಟ್ರೊಪಿನ್. ಕಾರ್ನಿಯಾ ಕರಗುವ ಲಕ್ಷಣ ಕಂಡರೆ ಡಾಕ್ಸಿಸೈಕ್ಲಿನ್ 100 ಮಿಗ್ರಾಂ ಮಾತ್ರೆ ದಿನಕ್ಕೆರಡು ಸೇರಿಸುತ್ತೇವೆ. ಅದು ಇಲ್ಲಿ ಆ್ಯಂಟಿಬಯೊಟಿಕ್ ಆಗಿ ಬರುವುದಕ್ಕಿಂತ ಕೊಲಾಜನ್ ಕರಗಿಸುವ ಕಿಣ್ವಗಳನ್ನು ತಡೆಯಲು ಬರುತ್ತದೆ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅದು ಬೇಡ.

ಕಣ್ಣಿಗೆ ಪಟ್ಟಿ ಕಟ್ಟುವುದಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನ ಬೆಚ್ಚಗಿನ ತೇವ ಬ್ಯಾಕ್ಟೀರಿಯಾಗೇ ಅನುಕೂಲ. ಬೇಕಿದ್ದರೆ ತೂತುಗಳಿರುವ ಗಟ್ಟಿ ಕವಚ ಸಾಕು.

ಮೂರನೇ ದಿನದ ತೀರ್ಮಾನ

48 ಗಂಟೆ ಕಳೆದ ಮೇಲೆ ಕಣ್ಣನ್ನು ಮತ್ತೆ ಅಳೆಯುತ್ತೇವೆ. ರೋಗಿ ರಾತ್ರಿ ನಿದ್ದೆ ಮಾಡಿದರೇ ಎಂಬುದು ಮೊದಲ ಸುಳಿವು, ನೋವು ತಗ್ಗದೆ ನಿದ್ದೆ ಬರುವುದಿಲ್ಲ. ನಂತರ ಹುಣ್ಣಿನ ಅಂಚು. ಸೋಂಕು ಹರಡುತ್ತಿರುವಾಗ ಅಂಚು ಮಸುಕಾಗಿ ಸುತ್ತಲ ಕಾರ್ನಿಯಾದೊಳಗೆ ಹರಡಿಕೊಂಡಿರುತ್ತದೆ. ಹಿಡಿತಕ್ಕೆ ಬಂದಾಗ ಅದೇ ಅಂಚು ದುಂಡಾಗಿ, ಎಲ್ಲೆ ಗೆರೆಯೆಳೆದಂತೆ ಸ್ಪಷ್ಟವಾಗುತ್ತದೆ, ಒಳಗಿನ ಬಿಳುಪಿನ ಸಾಂದ್ರತೆ ತಗ್ಗುತ್ತದೆ, ಹಸಿರು ಬಣ್ಣ ಹಿಡಿಯುವ ಜಾಗ ಕಿರಿದಾಗುತ್ತದೆ. ಸ್ಯೂಡೊಮೊನಾಸ್‌ನಂಥ ಗ್ರಾಂ ನೆಗೆಟಿವ್ ಸೋಂಕಿನಲ್ಲಿ ಮೊದಲ ದಿನ ಔಷಧ ಹಿಡಿಯುತ್ತಿದ್ದರೂ ಹುಣ್ಣು ಹೆಚ್ಚಾದಂತೆ ಕಾಣಬಹುದು. ಒಂದೇ ದಿನದ ನೋಟ ನೋಡಿ ಗಾಬರಿಬಿದ್ದು ಔಷಧ ಬದಲಿಸಬಾರದು, ಸ್ಟೆರಾಯ್ಡನ್ನಂತೂ ಶುರುಮಾಡಲೇಬಾರದು. ಕೀವಿನ ಎತ್ತರವನ್ನೊಂದೇ ನಂಬುವಂತಿಲ್ಲ. ಸತ್ತ ರೋಗಾಣುವಿಗೂ ಉರಿಯೂತ ಏಳುತ್ತದೆ.

ಇಷ್ಟರಲ್ಲಿ ಕಲ್ಚರ್ ವರದಿಯೂ ಬಂದಿರುತ್ತದೆ. ಸ್ಟೆರಾಯ್ಡ್ ಶುರುಮಾಡಬೇಕಾದರೆ ಇವೆಲ್ಲ ಒಟ್ಟಿಗೆ ಕೂಡಿಬರಬೇಕು: ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸ್ಲೈಡಿನಲ್ಲಿ ಶಿಲೀಂಧ್ರವೂ ಇಲ್ಲ, ಅಕಾಂತಮೀಬಾದ ಜೋಡಿಗೋಡೆಯ ಕೋಶವೂ ಇಲ್ಲ; ಬ್ಯಾಕ್ಟೀರಿಯಾ ಬೆಳೆದಿದೆ, ಅದು ನೊಕಾರ್ಡಿಯಾ ಅಲ್ಲ; ಕೊಡುತ್ತಿರುವ ಆ್ಯಂಟಿಬಯೊಟಿಕ್‌ಗೆ ಅದು ಬಗ್ಗುತ್ತದೆ; ಕಣ್ಣು ಸುಧಾರಿಸುತ್ತಿದೆ; ಕಾರ್ನಿಯಾ ತೂತಾಗುವಷ್ಟು ತೆಳುವಾಗಿಲ್ಲ; ರೋಗಿ ಒಂದೆರಡು ದಿನದಲ್ಲಿ ಮತ್ತೆ ಬಂದು ತೋರಿಸಿಕೊಳ್ಳಬಲ್ಲರು. ಕೊನೆಯ ಷರತ್ತು ವೈದ್ಯಕೀಯದ್ದಲ್ಲ ಎನಿಸಬಹುದು. ನಮ್ಮ ಮಟ್ಟಿಗೆ ಅದು ಉಳಿದವುಗಳಷ್ಟೇ ತೂಕದ್ದು. ಮರಳಿ ಬರಲಾಗದವರಿಗೆ ಸ್ಟೆರಾಯ್ಡ್ ಬರೆಯುವುದಿಲ್ಲ.

ಏನೂ ಬೆಳೆಯದೆ ಕಲ್ಚರ್ ಖಾಲಿ ಬಂದರೆ? ಕಣ್ಣು ಸುಧಾರಿಸುತ್ತಿದ್ದರೂ ಕಾಯುವುದೇ ಲೇಸು. ಶಿಲೀಂಧ್ರ ಬೆಳೆಯಲು ತಡವಾಗಬಹುದೆಂದೇ ಆ ಅಗಾರ್‌ಗಳನ್ನು ಎರಡು ವಾರ ಇಟ್ಟಿರುತ್ತೇವೆ. ಅಂಚಿನಲ್ಲಿರುವ, ಎರಡು ಮಿಮೀ ಮೀರದ ಹುಣ್ಣಿಗೂ ಸ್ಟೆರಾಯ್ಡ್ ಬೇಡ. ಅದರ ಕಲೆ ದೃಷ್ಟಿಯ ದಾರಿಗೆ ಅಡ್ಡ ಬರುವುದಿಲ್ಲ, ಸುಮ್ಮನೆ ಅಪಾಯ ಮೈಮೇಲೆಳೆದುಕೊಂಡಂತೆ.

ಈ ತೀರ್ಮಾನಕ್ಕೆ ಆಧಾರವಾಗಿರುವುದು 2012ರಲ್ಲಿ ಪ್ರಕಟವಾದ ‘ಸ್ಟೆರಾಯ್ಡ್ಸ್ ಫಾರ್ ಕಾರ್ನಿಯಲ್ ಅಲ್ಸರ್ಸ್ ಟ್ರಯಲ್’, ಚಿಕ್ಕದಾಗಿ ಸ್ಕಟ್. ಅರವಿಂದ್ ಕಣ್ಣಾಸ್ಪತ್ರೆಗಳೂ ಅಮೆರಿಕದ ಎರಡು ವಿಶ್ವವಿದ್ಯಾಲಯಗಳೂ ಸೇರಿ ನಡೆಸಿದ ಈ ಪ್ರಯೋಗದಲ್ಲಿ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಖಚಿತವಾದ 500 ಜನರಿದ್ದರು. ಎಲ್ಲರಿಗೂ 48 ಗಂಟೆ ಮಾಕ್ಸಿಫ್ಲಾಕ್ಸಸಿನ್, ಅದಾದ ಮೇಲೆ ಅರ್ಧ ಜನಕ್ಕೆ 1% ಪ್ರೆಡ್ನಿಸೊಲೋನ್ ಫಾಸ್ಫೇಟ್, ಉಳಿದರ್ಧಕ್ಕೆ ಔಷಧವಿಲ್ಲದ ಹನಿ. ಮೂರು ತಿಂಗಳಿಗೆ ಒಟ್ಟಾರೆ ದೃಷ್ಟಿಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕಾರ್ನಿಯಾ ತೂತಾಗುವುದೂ ಹೆಚ್ಚಾಗಲಿಲ್ಲ. ಇಷ್ಟನ್ನೇ ಓದಿ ‘ಸ್ಟೆರಾಯ್ಡ್‌ನಿಂದ ಲಾಭವಿಲ್ಲ’ ಎಂದು ಪುಟ ಮಗುಚುವವರಿದ್ದಾರೆ. ಆದರೆ ಒಳಗುಂಪುಗಳನ್ನು ನೋಡಬೇಕು. ಬಂದಾಗಲೇ ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುವಷ್ಟು ಅಥವಾ ಅದಕ್ಕೂ ಕಡಿಮೆ ದೃಷ್ಟಿ ಇದ್ದವರಲ್ಲಿ ಸ್ಟೆರಾಯ್ಡ್ ಪಡೆದವರು ಚಾರ್ಟಿನಲ್ಲಿ ಎರಡು ಸಾಲಿಗೆ ತುಸು ಕಡಿಮೆಯಷ್ಟು ಹೆಚ್ಚು ಓದಿದರು. ಹುಣ್ಣು ನಟ್ಟನಡುವೆ ಇದ್ದವರಿಗೂ ಲಾಭ ಕಂಡಿತು. ಆ್ಯಂಟಿಬಯೊಟಿಕ್ ಶುರುವಾದ ಎರಡು ಮೂರು ದಿನಗಳಲ್ಲೇ ಸ್ಟೆರಾಯ್ಡ್ ಸೇರಿದವರು ಸುಮಾರು ಒಂದು ಸಾಲು ಮುಂದಿದ್ದರು, ನಾಲ್ಕು ದಿನ ಅಥವಾ ಅದಕ್ಕೂ ತಡವಾಗಿ ಸೇರಿದವರಿಗೆ ಆ ಲಾಭವಿರಲಿಲ್ಲ. ನೊಕಾರ್ಡಿಯಾ ಇದ್ದು ಸ್ಟೆರಾಯ್ಡ್ ಪಡೆದವರಲ್ಲಿ ಮಾತ್ರ ಒಂದು ವರ್ಷಕ್ಕೆ ಕಲೆ ಇನ್ನೂ ದೊಡ್ಡದಾಗಿತ್ತು. ಅವರನ್ನು ಬಿಟ್ಟು ಲೆಕ್ಕ ಹಾಕಿದಾಗ ಉಳಿದವರಲ್ಲಿ ವರ್ಷದ ಹೊತ್ತಿಗೆ ಸ್ಟೆರಾಯ್ಡ್ ಗುಂಪೇ ಮುಂದಿತ್ತು. ಒಳಗುಂಪಿನ ಫಲಿತಾಂಶಕ್ಕೆ ಮುಖ್ಯ ಫಲಿತಾಂಶದಷ್ಟು ಬಲವಿಲ್ಲ ಎಂಬುದು ಗೊತ್ತಿದ್ದೇ ನಾವು ಇದನ್ನು ಬಳಸುತ್ತೇವೆ. ನಡುವಿನ ದೊಡ್ಡ ಹುಣ್ಣಿನವರಿಗೆ ಕಳೆದುಕೊಳ್ಳಲು ಇರುವುದು ಪೂರ್ತಿ ದೃಷ್ಟಿ.

ಹನಿಯ ಲೆಕ್ಕ

ಪ್ರಯೋಗದಲ್ಲಿ ಬಳಸಿದ ಲೆಕ್ಕವೇ ನಮ್ಮದೂ: ಮೊದಲ ವಾರ ದಿನಕ್ಕೆ ನಾಲ್ಕು ಸಲ, ಎರಡನೇ ವಾರ ಎರಡು ಸಲ, ಮೂರನೇ ವಾರ ಒಂದು ಸಲ, ಆಮೇಲೆ ನಿಲ್ಲಿಸುವುದು. ಪಕ್ಕದಲ್ಲೇ ಆ್ಯಂಟಿಬಯೊಟಿಕ್ ಮೊದಲು ಗಂಟೆಗೊಮ್ಮೆ, ನಂತರ ಎರಡು ಗಂಟೆಗೊಮ್ಮೆ, ಹೊರಪದರ ಪೂರ್ತಿ ಮುಚ್ಚಿದ ಮೇಲೆ ದಿನಕ್ಕೆ ನಾಲ್ಕು ಸಲ. ಸ್ಟೆರಾಯ್ಡ್ ಇರುವಷ್ಟು ದಿನ ಆ್ಯಂಟಿಬಯೊಟಿಕ್ ಇರಲೇಬೇಕು, ಅದರ ಎಣಿಕೆ ಯಾವ ದಿನವೂ ಸ್ಟೆರಾಯ್ಡಿಗಿಂತ ಕಡಿಮೆಯಾಗಬಾರದು. ನಿಲ್ಲಿಸುವಾಗಲೂ ಮೊದಲು ಸ್ಟೆರಾಯ್ಡ್, ಆಮೇಲೆ ಆ್ಯಂಟಿಬಯೊಟಿಕ್.

ಎರಡೂ ಬೆರೆತ ಕಾಂಬಿನೇಷನ್ ಹನಿ ಇಲ್ಲಿ ಉಪಯೋಗಕ್ಕಿಲ್ಲ. ಕಾರಣ ಸರಳ. ಆ್ಯಂಟಿಬಯೊಟಿಕ್ ಗಂಟೆಗೊಮ್ಮೆ ಬೇಕು, ಸ್ಟೆರಾಯ್ಡ್ ದಿನಕ್ಕೆ ನಾಲ್ಕೇ ಸಲ. ಒಂದೇ ಬಾಟಲಿಯಲ್ಲಿ ಇವೆರಡನ್ನೂ ಬೇರೆಬೇರೆ ಅಳೆಯಲಾಗುವುದಿಲ್ಲ. ಕಣ್ಣು ಕೆಂಪಾದ ತಕ್ಷಣ ಅಂಗಡಿಯಿಂದ ಕೊಂಡು ಹಾಕುವುದು ಬಹುಮಟ್ಟಿಗೆ ಈ ಬೆರಕೆ ಹನಿಯನ್ನೇ. ಶಿಲೀಂಧ್ರ ಸೋಂಕು ಕೈಮೀರಿ ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಪ್ರೆಡ್ನಿಸೊಲೋನ್ ಎರಡು ರೂಪದಲ್ಲಿ ಸಿಗುತ್ತದೆ. ಫಾಸ್ಫೇಟ್ ತಿಳಿಯಾದ ದ್ರಾವಣ. ಅಸಿಟೇಟ್ ಹಾಲಿನಂತೆ ಬೆಳ್ಳಗಿರುತ್ತದೆ, ಔಷಧದ ಕಣಗಳು ಅದರಲ್ಲಿ ತೇಲುತ್ತಿರುತ್ತವೆ, ಇಟ್ಟಲ್ಲೇ ಇಟ್ಟರೆ ತಳಕ್ಕಿಳಿಯುತ್ತವೆ. ಅಲುಗಾಡಿಸದೆ ಹಾಕಿದರೆ ಮೊದಲ ದಿನಗಳಲ್ಲಿ ಬೀಳುವುದು ಬರೀ ನೀರು, ಬಾಟಲಿ ಮುಗಿಯುವ ಹೊತ್ತಿಗೆ ಗಟ್ಟಿ ಔಷಧ. ಅಂದರೆ ಹೆಚ್ಚು ಬೇಕಾದಾಗ ಕಡಿಮೆ, ಇಳಿಸಬೇಕಾದಾಗ ಹೆಚ್ಚು. ಪ್ರತಿ ಸಲವೂ ಹತ್ತಿಪ್ಪತ್ತು ಬಾರಿ ಚೆನ್ನಾಗಿ ಅಲುಗಾಡಿಸಿ ಹಾಕಬೇಕೆಂದು ರೋಗಿಗೂ ಮನೆಯವರಿಗೂ ಮಾಡಿ ತೋರಿಸುತ್ತೇವೆ. ಬಾಟಲಿಗಳ ಮೇಲೆ ಮಾರ್ಕರಿನಲ್ಲಿ 1, 2, 3 ಎಂದು ದೊಡ್ಡದಾಗಿ ಬರೆದು, ಯಾವ ಹೊತ್ತಿಗೆ ಯಾವ ನಂಬರು ಎಂಬ ಹಾಳೆಯೊಂದನ್ನು ಕೊಡುತ್ತೇವೆ. ಕಣ್ಣು ಮಂಜಾಗಿರುವವರಿಗೆ ಸಣ್ಣ ಅಕ್ಷರದ ಹೆಸರು ಕಾಣುವುದಿಲ್ಲ ಎಂಬುದು ಮರೆತುಹೋಗುವ ಸಂಗತಿ.

ಸ್ಟೆರಾಯ್ಡ್ ಶುರುವಾದ ಮೇಲೆ 24ರಿಂದ 48 ಗಂಟೆಯೊಳಗೆ ಕಣ್ಣು ನೋಡಲೇಬೇಕು. ನೋವು ಹೆಚ್ಚಿದರೆ, ಬಿಳುಪು ಅರ್ಧ ಮಿಮೀ ಹಿಗ್ಗಿದರೂ, ಹೊಸ ಚುಕ್ಕೆ ಪಕ್ಕದಲ್ಲಿ ಎದ್ದರೆ, ಸ್ಟೆರಾಯ್ಡ್ ಅಂದೇ ನಿಲ್ಲಿಸಿ ಮತ್ತೆ ಕೆರೆಯುತ್ತೇವೆ. ಮೊದಲ ಸ್ಲೈಡಿನಲ್ಲಿ ತಪ್ಪಿಸಿಕೊಂಡ ಶಿಲೀಂಧ್ರ ಎರಡನೇ ಸಲ ಸಿಗುವುದು ಅಪರೂಪವೇನಲ್ಲ. ಎಲ್ಲ ಸರಿಯಿದ್ದರೆ ವಾರದೊಳಗೆ ಇನ್ನೊಮ್ಮೆ, ಆಮೇಲೆ ವಾರಕ್ಕೊಮ್ಮೆ.

ತೊಂದರೆ ಬರುವುದು ಹೀಗೆ

ಸ್ಟೆರಾಯ್ಡ್ ಹಾಕಿದ ಮೇಲೆ ಕಣ್ಣು ತಕ್ಷಣ ಹಿತವೆನಿಸುತ್ತದೆ. ಉರಿಯುವ ತೀವ್ರ ಹನಿಯನ್ನು ಬಿಟ್ಟು ಹಿತವಾದದ್ದನ್ನು ಮಾತ್ರ ಹಾಕಿಕೊಳ್ಳಲು ರೋಗಿಗೆ ಮನಸ್ಸಾಗುವುದು ಸಹಜ. ಅವರನ್ನು ಗದರಿಸಿ ಫಲವಿಲ್ಲ. ಯಾವುದು ರೋಗಾಣು ಕೊಲ್ಲುತ್ತದೆ, ಯಾವುದು ಊತ ಇಳಿಸುತ್ತದೆ ಎಂದು ಮೊದಲೇ ಬಿಡಿಸಿ ಹೇಳಿದ್ದರೆ ಬಹಳಷ್ಟು ಜನ ಎರಡನ್ನೂ ಬಿಡದೆ ಹಾಕುತ್ತಾರೆ.

ಹುಣ್ಣಿನ ಬಿಳುಪೆಲ್ಲ ಕರಗಿ ಹೊರಪದರ ಮಾತ್ರ ಮುಚ್ಚದೆ ನಿಂತರೆ ಸೋಂಕು ಮರಳಿತು ಎಂದು ಹನಿ ಹೆಚ್ಚಿಸುವ ಮೊದಲು ಔಷಧದ ವಿಷವನ್ನೇ ಶಂಕಿಸಬೇಕು. ತೀವ್ರ ಟೋಬ್ರಾಮೈಸಿನ್ ಹೊರಪದರದ ಕೋಶಗಳನ್ನು ಸುಡುತ್ತದೆ. ಸ್ಟೆರಾಯ್ಡ್ ಮಾಯುವುದನ್ನು ಇನ್ನಷ್ಟು ತಡಮಾಡುತ್ತದೆ. ಎರಡನ್ನೂ ಇಳಿಸಿ, ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು ಕೊಟ್ಟರೆ ಮುಚ್ಚಿಕೊಳ್ಳುವುದುಂಟು. ಸಿಪ್ರೊಫ್ಲಾಕ್ಸಸಿನ್ ಹಾಕುತ್ತಿದ್ದರೆ ಹುಣ್ಣಿನ ಮೇಲೆ ಸುಣ್ಣದಂಥ ಬಿಳಿ ಪುಡಿ ಕಟ್ಟಬಹುದು. ಅದು ಔಷಧದ ಹರಳು, ಕೀವಲ್ಲ.

ಕಣ್ಣಿನೊತ್ತಡ ಏರುವುದು ಸಾಮಾನ್ಯವಾಗಿ ಎರಡು ವಾರ ದಾಟಿದ ಮೇಲೆ. ಹುಣ್ಣಾದ ಕಾರ್ನಿಯಾದ ಮೈ ಉಬ್ಬುತಗ್ಗಾಗಿರುವುದರಿಂದ ಗೋಲ್ಡ್‌ಮನ್ ಉಪಕರಣ ಸರಿಯಾದ ಅಳತೆ ಕೊಡುವುದಿಲ್ಲ. ಕೈಯಲ್ಲಿ ಹಿಡಿದು ಅಳೆಯುವ ಟೋನೊಪೆನ್‌ನಂಥದ್ದನ್ನು ಕಲೆಯಿಲ್ಲದ ಭಾಗಕ್ಕೆ ತಾಗಿಸಬೇಕು. ಅದೂ ಆಗದಿದ್ದರೆ ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ಇನ್ನೊಂದು ಕಣ್ಣಿಗೆ ಹೋಲಿಸುವುದು, ಆದರೆ ಕಾರ್ನಿಯಾ ತೆಳುವಾಗಿದ್ದರೆ ಅದನ್ನೂ ಮಾಡಬಾರದು.

ಕಣ್ಣಿನಿಂದ ಇದ್ದಕ್ಕಿದ್ದಂತೆ ಬಿಸಿ ನೀರು ಹರಿದಂತಾಯಿತು, ನೋವು ಒಮ್ಮೆಲೇ ಬದಲಾಯಿತು ಎಂದು ರೋಗಿ ಹೇಳಿದರೆ ತೂತಾಗಿದೆ ಎಂದೇ ತಿಳಿಯಬೇಕು. ಫ್ಲೋರೆಸಿನ್ ಹಾಕಿದಾಗ ಆ ಬಣ್ಣದ ನಡುವೆ ಒಳಗಿನ ನೀರಿನ ಧಾರೆಯೊಂದು ಇಳಿಯುವುದು ಕಾಣುತ್ತದೆ. ಸ್ಟೆರಾಯ್ಡ್ ತಕ್ಷಣ ಬಂದ್. ಎರಡು ಮಿಮೀ ಒಳಗಿನ ತೂತನ್ನು ಸಯನೊಅಕ್ರಿಲೇಟ್ ಅಂಟು ಮತ್ತು ಬ್ಯಾಂಡೇಜ್ ಲೆನ್ಸ್‌ನಿಂದ ಮುಚ್ಚಬಹುದು, ಅದಕ್ಕಿಂತ ದೊಡ್ಡದಕ್ಕೆ ಕಾರ್ನಿಯಾ ಕಸಿಯೇ ದಾರಿ.

ಶಿಲೀಂಧ್ರ, ಅಕಾಂತಮೀಬಾ, ಹರ್ಪಿಸ್

ಅಂಚು ಹಕ್ಕಿಪುಕ್ಕದಂತೆ ಹರಡಿದ್ದು, ಮೈ ಒಣಗಿ ಉಬ್ಬಿದ್ದು, ಸುತ್ತ ಬಿಡಿ ಚುಕ್ಕೆಗಳಿದ್ದರೆ ಶಿಲೀಂಧ್ರ ಎಂದೇ ಹೊರಡುತ್ತೇವೆ. ಅದಕ್ಕೆ 5% ನಟಾಮೈಸಿನ್. ಎಳೆಗಳಾಗಿ ಬೆಳೆಯುವ ಶಿಲೀಂಧ್ರಗಳ, ಅದರಲ್ಲೂ ಫ್ಯುಸೇರಿಯಂನ ವಿರುದ್ಧ ಅದು ವೊರಿಕೊನಜೋಲ್ ಹನಿಗಿಂತ ಮೇಲು ಎಂದು 2013ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಖಚಿತವಾಗಿದೆ. ಸ್ಟೆರಾಯ್ಡ್‌ಗೆ ಅಲ್ಲಿ ಜಾಗವಿಲ್ಲ. ಅಕಾಂತಮೀಬಾದಲ್ಲಿ ಕಣ್ಣಿಗೆ ಕಾಣುವ ಗಾಯಕ್ಕೂ ರೋಗಿ ಹೇಳುವ ನೋವಿಗೂ ತಾಳಮೇಳವಿರುವುದಿಲ್ಲ, ನೋವು ವಿಪರೀತ. ರೋಗ ಪತ್ತೆಯಾಗುವ ಮೊದಲೇ ಸ್ಟೆರಾಯ್ಡ್ ಬಿದ್ದ ಕಣ್ಣುಗಳು ಹೆಚ್ಚು ಕೆಟ್ಟಿರುತ್ತವೆ.

ಹರ್ಪಿಸ್ ವೈರಸ್ ಎರಡು ಮುಖದ್ದು. ಹೊರಪದರದಲ್ಲಿ ಕವಲೊಡೆದ ಗೆರೆಯಾಗಿ ಕಂಡಾಗ ಸ್ಟೆರಾಯ್ಡ್ ಹಾಕಿದರೆ ಅದು ಭೂಪಟದಂತೆ ಹರಡುತ್ತದೆ. ಅದೇ ವೈರಸ್ ಒಳಪದರದಲ್ಲಿ ಉರಿಯೂತ ಎಬ್ಬಿಸಿ, ಮೇಲ್ಪದರ ಗಟ್ಟಿಯಾಗಿದ್ದಾಗ ಸ್ಟೆರಾಯ್ಡೇ ಮದ್ದು, ವೈರಸ್ ಔಷಧದ ಕಾವಲಿನಲ್ಲಿ. 1994ರ ಪ್ರಯೋಗದಲ್ಲಿ ಹತ್ತು ವಾರಗಳ ಇಳಿಲೆಕ್ಕದ ಪ್ರೆಡ್ನಿಸೊಲೋನ್, ಉರಿಯೂತ ಉಳಿಯುವ ಅಥವಾ ಹೆಚ್ಚುವ ಅಪಾಯವನ್ನು 68% ತಗ್ಗಿಸಿತ್ತು. ಇಲ್ಲಿ ಏಕಾಏಕಿ ನಿಲ್ಲಿಸಿದರೆ ಉರಿಯೂತ ಮರುಕಳಿಸುತ್ತದೆ. ಹಳೆಯ ಬಾಟಲಿ ಎತ್ತಿಟ್ಟುಕೊಂಡು ಮುಂದಿನ ಸಲ ಕಣ್ಣು ಕೆಂಪಾದಾಗ ಹಾಕಿಕೊಳ್ಳುವುದು ಏಕೆ ಅಪಾಯ ಎಂಬುದೂ ಇದರಿಂದಲೇ ತಿಳಿಯುತ್ತದೆ. ಹೋದ ಸಲ ಒಳಪದರದಲ್ಲಿದ್ದದ್ದು ಈ ಸಲ ಹೊರಪದರದಲ್ಲಿರಬಹುದು.

ಕಣ್ಣಿನೊಳಗೇ ಸೋಂಕಾದರೆ

ಶಸ್ತ್ರಚಿಕಿತ್ಸೆ ಅಥವಾ ಗಾಯದ ನಂತರ ಕಣ್ಣುಗುಡ್ಡೆಯೊಳಗೆ ಸೋಂಕು ಇಳಿಯುವ ಎಂಡಾಫ್ತಾಲ್ಮೈಟಿಸ್‌ನಲ್ಲಿ ಕಾಯುವ ಸಮಯವಿಲ್ಲ, ಗಂಟೆಗಳ ಲೆಕ್ಕ. ಆ್ಯಂಟಿಬಯೊಟಿಕ್ಕನ್ನು ನೇರವಾಗಿ ಗುಡ್ಡೆಯೊಳಗೆ ಚುಚ್ಚಬೇಕು: ವ್ಯಾಂಕೊಮೈಸಿನ್ 1 ಮಿಗ್ರಾಂ, ಸೆಫ್ಟಜಿಡಿಮ್ 2.25 ಮಿಗ್ರಾಂ, ಪ್ರತಿಯೊಂದೂ 0.1 ಮಿಲಿಯಲ್ಲಿ. 500 ಮಿಗ್ರಾಂ ವ್ಯಾಂಕೊಮೈಸಿನ್‌ಗೆ 10 ಮಿಲಿ ಸೇರಿಸಿ, ಅದರಲ್ಲಿ 2 ಮಿಲಿ ತೆಗೆದು ಮತ್ತೆ 8 ಮಿಲಿ ಬೆರೆಸಿದರೆ 0.1 ಮಿಲಿಯಲ್ಲಿ 1 ಮಿಗ್ರಾಂ ಬರುತ್ತದೆ. ಎರಡೂ ಔಷಧಗಳನ್ನು ಒಂದೇ ಸಿರಿಂಜಿನಲ್ಲಿ ತುಂಬಿದರೆ ಗಸಿ ಕಟ್ಟುತ್ತದೆ, ಸಿರಿಂಜೂ ಸೂಜಿಯೂ ಬೇರೆಬೇರೆಯೇ ಆಗಬೇಕು. ಲೆಕ್ಕವನ್ನು ಇಬ್ಬರು ಬೇರೆಬೇರೆಯಾಗಿ ಮಾಡಿ ಹೋಲಿಸುವುದು ಕಡ್ಡಾಯ. ಇಲ್ಲಿ ಒಂದು ಸೊನ್ನೆಯ ವ್ಯತ್ಯಾಸ ರೆಟಿನಾವನ್ನು ಶಾಶ್ವತವಾಗಿ ಹಾಳುಮಾಡಬಲ್ಲದು.

ಸ್ಟೆರಾಯ್ಡ್ ಎಂದರೆ ಇಲ್ಲಿ ಡೆಕ್ಸಾಮೆಥಸೋನ್ 0.4 ಮಿಗ್ರಾಂ. ಮಿಲಿಗೆ 4 ಮಿಗ್ರಾಂ ಇರುವ, ಪ್ರಿಸರ್ವೇಟಿವ್ ಇಲ್ಲದ ಇಂಜೆಕ್ಷನ್ ಆದರೆ 0.1 ಮಿಲಿಯಲ್ಲಿ ಅಷ್ಟೇ ಇರುತ್ತದೆ, ಬೆರೆಸುವ ಕೆಲಸವಿಲ್ಲ. 1995ರಲ್ಲಿ ಪ್ರಕಟವಾದ ಎಂಡಾಫ್ತಾಲ್ಮೈಟಿಸ್ ವಿಟ್ರೆಕ್ಟಮಿ ಸ್ಟಡಿಯಲ್ಲಿದ್ದ 420 ಜನರಿಗೆ ಗುಡ್ಡೆಯೊಳಗೆ ಸ್ಟೆರಾಯ್ಡ್ ಚುಚ್ಚಿರಲಿಲ್ಲ, ಮಾತ್ರೆಯಾಗಿ ಕೊಟ್ಟಿದ್ದರು. ಗುಡ್ಡೆಯೊಳಗಿನ ಡೆಕ್ಸಾಮೆಥಸೋನ್ ಉರಿಯೂತವನ್ನು ಬೇಗ ಇಳಿಸುತ್ತದೆ, ಆದರೆ ಕೊನೆಗೆ ದೃಷ್ಟಿ ಹೆಚ್ಚು ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಾಲದು. ಹಾಗಾಗಿ ಶಿಲೀಂಧ್ರದ ಅನುಮಾನ ತಿಲಮಾತ್ರ ಇದ್ದರೂ, ಉದಾಹರಣೆಗೆ ಗಿಡಗಂಟಿಯಿಂದಾದ ಗಾಯ ಅಥವಾ ವಾರಗಟ್ಟಲೆ ನಿಧಾನವಾಗಿ ಬೆಳೆದ ಸೋಂಕಾದರೆ, ಅದನ್ನು ಬಿಟ್ಟುಬಿಡುವುದೇ ನಮ್ಮ ಪದ್ಧತಿ.

ಕಲೆ ಮಾಗುವ ತಿಂಗಳುಗಳು

ಮೂರು ವಾರಕ್ಕೆ ಹನಿ ಮುಗಿಯುತ್ತದೆ, ಕಾರ್ನಿಯಾದ ಕೆಲಸ ಮುಗಿದಿರುವುದಿಲ್ಲ. ಕಲೆ ತೆಳುವಾಗುವುದು, ಮೈ ಸಮವಾಗುವುದು ತಿಂಗಳುಗಟ್ಟಲೆ ನಡೆಯುತ್ತದೆ. ಮೂರನೇ ತಿಂಗಳಿಗೆ ಕಂಡ ದೃಷ್ಟಿ ಹನ್ನೆರಡನೇ ತಿಂಗಳ ಹೊತ್ತಿಗೆ ಇನ್ನೂ ಸುಧಾರಿಸುವುದುಂಟು. ಹಾಗಾಗಿ ಕಲೆ ಕಂಡ ಕೂಡಲೇ ಕಸಿ ಮಾಡಿಸಿ ಎಂದು ಅವಸರಪಡಿಸಬಾರದು. ಮೊದಲು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಇಟ್ಟು ಚಾರ್ಟ್ ಓದಿಸಬೇಕು. ಲೆನ್ಸ್ ಮತ್ತು ಕಾರ್ನಿಯಾದ ನಡುವೆ ತುಂಬುವ ಕಣ್ಣೀರು ಉಬ್ಬುತಗ್ಗುಗಳನ್ನು ಸಮಮಾಡುವುದರಿಂದ, ಕನ್ನಡಕದಲ್ಲಿ ಮೇಲಿನ ಒಂದೆರಡು ಸಾಲನ್ನಷ್ಟೇ ಓದುತ್ತಿದ್ದವರು ಹಲವು ಸಾಲು ಕೆಳಗಿಳಿಯಬಹುದು. ಹಾಗೆ ಓದಿದರೆ ದೃಷ್ಟಿ ಕೆಡಿಸಿದ್ದು ಬಿಳುಪಿಗಿಂತ ಹೆಚ್ಚಾಗಿ ಆ ಉಬ್ಬುತಗ್ಗು, ಅವರಿಗೆ ಲೆನ್ಸೇ ಸಾಕು. ಲೆನ್ಸ್ ಇಟ್ಟರೂ ಸಾಲು ಬದಲಾಗದವರ ಜೊತೆ ಮಾತ್ರ, ಕಣ್ಣು ತಿಂಗಳುಗಳ ಕಾಲ ಶಾಂತವಾಗಿದ್ದ ಮೇಲೆ, ಕಸಿಯ ಮಾತೆತ್ತುತ್ತೇವೆ.